ಹೆಬ್ಬೆರಳು ಒತ್ತಿದ ಗುಳಿ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆಯ ಗುಡ್ಡಗಳು ಕುಸಿದಾಗ, ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ಐದು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಶುಶ್ರೂಷಕಿಯಾದ ನನ್ನ ಪಾಲಿಗೆ ಬಂದಿತ್ತು. ಬಿಡದೆ ಸುರಿಯುವ ಮಳೆಗೆ ಮಕ್ಕಳೆಲ್ಲ ಸ್ವೆಟರ್, ಕುಲಾವಿ, ಕಂಬಳಿಗಳಲ್ಲಿ ಮುಚ್ಚಿಹೋಗಿದ್ದರು.

ಮೊದಲ ದಿನ ಕಣ್ಣಂದಾಜನ್ನೇ ನಂಬಿ ತಪ್ಪು ಮಾಡಿದೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದ ಎರಡು ವರ್ಷದ ಹೆಣ್ಣುಮಗುವಿನ ಕೆನ್ನೆ ತುಂಬಿಕೊಂಡಿದ್ದುದರಿಂದ, ಅದನ್ನು ಆರೋಗ್ಯವಂತ ಮಕ್ಕಳ ಪಟ್ಟಿಗೆ ಸೇರಿಸಿದ್ದೆ. ಮರುದಿನ ಕಾಲುಚೀಲ ಬಿಚ್ಚಿಸಿ, ಪಾದದ ಮೇಲೆ ಹೆಬ್ಬೆರಳನ್ನು ಮೂರು ಸೆಕೆಂಡು ಒತ್ತಿ ತೆಗೆದಾಗ, ನಾದಿದ ಹಿಟ್ಟಿನಲ್ಲಿ ಬೆರಳೂರಿದಂತೆ ಗುಳಿ ಹಾಗೆಯೇ ಉಳಿಯಿತು. ಇನ್ನೊಂದು ಪಾದದಲ್ಲೂ ಅದೇ. ಅಪೌಷ್ಟಿಕತೆಯಿಂದ ಎರಡೂ ಪಾದಗಳಲ್ಲಿ ಹೀಗೆ ನೀರು ತುಂಬಿದ್ದರೆ, ತೋಳಿನ ಅಳತೆ ಎಷ್ಟೇ ಇರಲಿ, ಅದು ತೀವ್ರ ಸ್ವರೂಪದ್ದೇ. ಗುಡ್ಡ ಕುಸಿದು ಆಗಿನ್ನೂ ಕೆಲವೇ ದಿನಗಳಾಗಿದ್ದವು. ಆ ಮಗುವಿನ ಕೊರತೆ ಅದಕ್ಕಿಂತ ಎಷ್ಟೋ ಹಳೆಯದು.

ಅಂದಿನಿಂದ ಆರು ತಿಂಗಳು ದಾಟಿದ ಪ್ರತಿ ಮಗುವಿನ ಎಡತೋಳನ್ನು ಸ್ವೆಟರಿನಿಂದ ಹೊರತೆಗೆಸಿ, ಭುಜಕ್ಕೂ ಮೊಣಕೈಗೂ ನಟ್ಟನಡುವೆ ಅಳತೆಪಟ್ಟಿ ಸುತ್ತಿ ಸುತ್ತಳತೆ ನೋಡಿದೆ. 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅಪೌಷ್ಟಿಕತೆ ತೀವ್ರ, ಅಲ್ಲಿಂದ 12.5ರೊಳಗಿದ್ದರೆ ಮಧ್ಯಮ. ಪಟ್ಟಿ ಸ್ವಲ್ಪ ಬಿಗಿಯಾದರೂ ಸಡಿಲವಾದರೂ ಲೆಕ್ಕ ತಪ್ಪುತ್ತದೆ.

ಪಾದ ಊದಿದ್ದ ಆ ಮಗು ಏನು ಕೊಟ್ಟರೂ ಮುಖ ತಿರುಗಿಸುತ್ತಿತ್ತು. ಊತದ ಜೊತೆಗೆ ಹಸಿವೂ ಸತ್ತಿದ್ದರೆ ಆಸ್ಪತ್ರೆಗೇ ಸೇರಿಸಬೇಕು. ಜೀಪು ಬರುವವರೆಗೆ, 50 ಮಿ.ಲೀ. ಶುದ್ಧ ನೀರಿಗೆ ಒಂದು ಟೀ ಚಮಚ ಸಕ್ಕರೆ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ, ಮಗುವನ್ನು ತಾಯಿಯ ಎದೆಗವಚಿ ಕಂಬಳಿ ಹೊದಿಸಿದೆವು. ಹೊಟ್ಟೆತುಂಬ ಅನ್ನ ಉಣಿಸಿದರೆ ಸರಿಹೋದೀತು ಎಂದು ಸ್ವಯಂಸೇವಕರು ಅಕ್ಕರೆಯಿಂದಲೇ ಹೇಳಿದರು. ಆದರೆ ಅಂಥ ದೇಹ ಒಮ್ಮೆಲೇ ಬಿದ್ದ ಆಹಾರದ ಭಾರವನ್ನು ತಾಳದು; ಆಸ್ಪತ್ರೆಯಲ್ಲೂ ಮೊದಲ ದಿನಗಳಲ್ಲಿ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪಸ್ವಲ್ಪವೇ ಎಫ್-75 ಎಂಬ ಚಿಕಿತ್ಸೆಯ ಹಾಲು ಕೊಡುತ್ತಾರೆ.

ನಾನು ಹಟ ಹಿಡಿದದ್ದು ದಾನವಾಗಿ ಬಂದ ಹಾಲಿನಪುಡಿ ಡಬ್ಬಿಗಳ ವಿಷಯದಲ್ಲಿ. ಬಾಟಲಿ ಕುದಿಸಲು ಒಲೆ ಬಿಡುವಿಲ್ಲದ ಕಡೆ ಹಾಲಿನಪುಡಿ ಹಂಚಿದರೆ ಕೂಸುಗಳಿಗೆ ಭೇದಿ ತಪ್ಪಿದ್ದಲ್ಲ. ಭಯಕ್ಕೆ ಎದೆಹಾಲು ಬತ್ತಿತೆಂದು ಅಳುತ್ತಿದ್ದ ತಾಯಂದಿರಿಗಾಗಿ ಮೂಲೆಯಲ್ಲಿ ಸೀರೆ ಕಟ್ಟಿ ಮರೆ ಮಾಡಿದೆ, ಬಿಸಿ ಗಂಜಿ ಕೊಡಿಸಿದೆ, ಪದೇಪದೇ ಹಾಲೂಡಿಸಲು ಜೊತೆಗೆ ಕುಳಿತೆ. ಹೆಚ್ಚಿನವರಿಗೆ ಹಾಲು ಮರಳಿತು.

ಎರಡು ವಾರ ಕಳೆದು ಆ ಮಗು ಮರಳಿದಾಗ, ಇಳಿದ ಕೆನ್ನೆ ತೋರಿಸಿ ತಾಯಿ ಕಣ್ಣೀರಿಟ್ಟಳು. ಊತ ಇಳಿಯುವಾಗ ತೂಕ ಇಳಿಯುವುದು ಒಳ್ಳೆಯ ಲಕ್ಷಣವೇ ಎಂದು ಹೇಳುತ್ತ ಮತ್ತೆ ಪಾದ ಒತ್ತಿದೆ. ಗುಳಿ ಬೀಳಲಿಲ್ಲ. ಮಗು ಕಾಲು ಎಳೆದುಕೊಂಡು, ಅಮ್ಮನ ಕೈಯಲ್ಲಿದ್ದ ಗಂಜಿಯ ಬಟ್ಟಲಿಗೆ ಕೈ ಚಾಚಿತು.