ಏಪ್ರಿಲ್ ಸ್ಕೋರ್ ನೋಡಿ ಕುಣಿಬೇಡಿ ಮಾರ್ರೆ: ಬೇಸ್‌ಬಾಲ್ ಟೀಮಿನ ಶುರುವಾತು ಅಳೆಯೋದು ಹೆಂಗೆ

2023ರ ಏಪ್ರಿಲ್ ಕೊನೇಲಿ ನಾನೊಂದು ಎಡವಟ್ಟು ಮಾಡ್ಕೊಂಡೆ. ನಮ್ಮ ಟೀಮು, ಅಮೆರಿಕದ ಬೇಸ್‌ಬಾಲ್ ಲೀಗಿನ ಪಿಟ್ಸ್‌ಬರ್ಗ್ ಪೈರೇಟ್ಸ್, ಆಗ 28 ಮ್ಯಾಚಲ್ಲಿ 20 ಗೆದ್ದು ಕೂತಿತ್ತು, ನಾನು ತೀರ್ಥಹಳ್ಳಿ ಪೇಟೆಲಿ ಸಿಕ್ಕಿದೋರಿಗೆಲ್ಲ ಈ ಸಲ ನಮ್ದೇ ಅಂತ ಹೇಳ್ಕೊಂಡ್ ತಿರುಗಿ, ಪ್ಲೇಆಫ್‌ಗೆ ಹೋಗ್ಲಿಲ್ಲ ಅಂದ್ರೆ ಐದು ಜನಕ್ಕೆ ಕಡುಬು ಕೋಳಿಸಾರು ಅಂತ ಬೆಟ್ ಕಟ್ಬಿಟ್ಟೆ. ಉಳಿದ 134 ಮ್ಯಾಚಲ್ಲಿ ಗೆದ್ದಿದ್ದು ಬರೀ 56. ಕೊನೆಗೆ ಲೆಕ್ಕ 76 ಗೆಲುವು, 86 ಸೋಲು. ಮುಂದಿನ ವರ್ಷ 2024ರಲ್ಲಿ ಮೊದಲ ಐದಕ್ಕೆ ಐದೂ ಗೆದ್ರು, ನಾನು ಮತ್ತೆ ಬಾಯಿ ಬಿಟ್ಟೆ, ಸೀಸನ್ ಮುಗಿಯೋ ಹೊತ್ತಿಗೆ ಮತ್ತೆ ಅದೇ 76-86, ಒಂದು ನಂಬರೂ ಆಚೀಚೆ ಇಲ್ಲ!

ಮಲ್ನಾಡಲ್ಲಿ ಕೂತು ಪಿಟ್ಸ್‌ಬರ್ಗ್ ಯಾಕೆ ಅಂತ ಕೇಳ್ತೀರಿ, ಎಲ್ರೂ ಕೇಳ್ತಾರೆ. 2008ರಲ್ಲಿ ರಿಂಕು ಸಿಂಗ್, ದಿನೇಶ್ ಪಟೇಲ್ ಅಂತ ಇಬ್ರು ಉತ್ತರಪ್ರದೇಶದ ಹುಡುಗ್ರನ್ನ ಒಂದು ಟಿವಿ ಸ್ಪರ್ಧೆಲಿ ಆರಿಸಿ ಅಮೆರಿಕಕ್ಕೆ ಕರ್ಕೊಂಡು ಹೋಗಿ ಬಾಲ್ ಎಸೆಯೋದು ಕಲಿಸಿದ್ರು, ಅವರಿಗೆ ಸೈನ್ ಹಾಕ್ಸಿದ್ದು ಪೈರೇಟ್ಸ್. (ಇವನು ಕೆಕೆಆರ್ ರಿಂಕು ಅಲ್ಲ, ಪ್ರತಿ ಸಲ ಹೇಳಿ ಹೇಳಿ ಸಾಕಾಗಿದೆ.) ಅವತ್ತು ಹಿಡಿದ ಟೀಮು, ಬಿಡಕ್ಕೆ ಆಗ್ಲಿಲ್ಲ. ಕೊನೇ ಸಲ ಪೈರೇಟ್ಸ್ ವರ್ಲ್ಡ್ ಸೀರೀಸ್ (ಅಲ್ಲಿನ ಕಪ್ಪು) ಗೆದ್ದಿದ್ದು 1979ರಲ್ಲಿ, ಅಂದ್ರೆ ಆರ್‌ಸಿಬಿ ಅಭಿಮಾನಿಗಳು ನನ್ ಮುಂದೆ 18 ವರ್ಷ ಕಾದ್ವಿ ಅಂತ ಅಳಬಾರ್ದು.

ಟೈಮ್ ಬಗ್ಗೆ ಒಂಚೂರು ಹೇಳ್ಬಿಡ್ತೀನಿ. ಪಿಟ್ಸ್‌ಬರ್ಗಲ್ಲಿ ಸಂಜೆ 6.40ಕ್ಕೆ ಶುರುವಾಗೋ ಮ್ಯಾಚು ನಮ್ಗೆ ಬೆಳಗಿನ ಜಾವ 4.10. 2023ರಿಂದ ಬಾಲ್ ಎಸೆಯಕ್ಕೆ ಗಡಿಯಾರ ಇಟ್ಟಿದ್ದಾರೆ, ಹಾಗಾಗಿ ಹೆಚ್ಚುಕಮ್ಮಿ ಎರಡೂ ಮುಕ್ಕಾಲು ಗಂಟೇಲಿ ಮುಗಿಯುತ್ತೆ, ಕೊಟ್ಟಿಗೆ ಕೆಲ್ಸ ಮುಗಿಸಿ ಎರಡನೇ ಕಾಫಿ ಕುಡಿಯೋ ಹೊತ್ತಿಗೆ ರಿಸಲ್ಟು ಗೊತ್ತಾಗುತ್ತೆ. ವಿಡಿಯೋ ಬೇಕು ಅಂದ್ರೆ ನಮ್ಮನೇಲಿ ಗುಡ್ಡ ಹತ್ತಬೇಕು, ನೆಟ್‌ವರ್ಕ್ ಇಲ್ಲ. ಈಗ ಹೇಳೋ ಲೆಕ್ಕಕ್ಕೆ ಸ್ಕೋರ್ ಇದ್ರೆ ಸಾಕು.

ಮೊದ್ಲು ಒಂದು ಭಾಗಾಕಾರ ಮಾಡ್ಕೊಳ್ಳಿ. ಬೇಸ್‌ಬಾಲ್ ಸೀಸನ್ 162 ಮ್ಯಾಚು, ಐಪಿಎಲ್ ಲೀಗಲ್ಲಿ ಒಂದು ಟೀಮಿಗೆ 14. ಅಂದ್ರೆ ಐಪಿಎಲ್‌ನ ಒಂದು ಮ್ಯಾಚು ಬೇಸ್‌ಬಾಲ್‌ನ ಹನ್ನೊಂದೂವರೆ ಮ್ಯಾಚಿಗೆ ಸಮ. ನನ್ ಟೀಮು 5-0 ಅಂತ ನಾನು ಕುಣಿದಿದ್ದು, ಲೆಕ್ಕಕ್ಕೆ ತಗೊಂಡ್ರೆ ಆರ್‌ಸಿಬಿ ಮೊದಲ ಮ್ಯಾಚಲ್ಲಿ ಮೊದಲ ಇನಿಂಗ್ಸ್ ಮುಗಿಯೋ ಮುಂಚೆನೇ ಕಪ್ ನಮ್ದೇ ಅಂದಂಗೆ. 2024ರಲ್ಲಿ ಆರ್‌ಸಿಬಿ ಮೊದಲ ಎಂಟರಲ್ಲಿ ಏಳು ಸೋತು ಆಮೇಲೆ ಸತತ ಆರು ಗೆದ್ದು ಪ್ಲೇಆಫ್‌ಗೆ ಹೋಯ್ತಲ್ಲ, ಆ ಎಂಟು ಮ್ಯಾಚು ಬೇಸ್‌ಬಾಲ್ ಲೆಕ್ಕದಲ್ಲಿ ತೊಂಬತ್ತು ದಾಟುತ್ತೆ, ಅಷ್ಟಾದ ಮೇಲೂ ಕತೆ ಬದಲಾಗುತ್ತೆ ಅಂದ್ರೆ ಏಪ್ರಿಲ್ ತಿಂಗಳ ಇಪ್ಪತ್ತೈದು ಮ್ಯಾಚು ಯಾವ ಲೆಕ್ಕ.

ಹಾಗಂತ ಏಪ್ರಿಲ್ ಪೂರ್ತಿ ಕಣ್ಣು ಮುಚ್ಕೊಂಡಿರಿ ಅಂತ ಅಲ್ಲ. ಇದನ್ನ ನನಗೆ ಅರ್ಥ ಮಾಡ್ಸಿದ್ದು ಅಪ್ಪಯ್ಯ. ಅವರಿಗೆ ಬೇಸ್‌ಬಾಲ್ ಅಂದ್ರೆ ಲಗೋರಿ ಥರ ಏನೋ ಒಂದು, ಆದ್ರೆ ಪೇಪರಲ್ಲಿ ದಿನಾ ಅಡಿಕೆ ಧಾರಣೆ ಆದ ಮೇಲೆ ಡ್ಯಾಂ ಲೆವೆಲ್ ನೋಡದೆ ತಿಂಡಿಗೆ ಕೂರಲ್ಲ. ಜೂನಲ್ಲಿ ಒಂದಿನ ಗಾಜನೂರು ಡ್ಯಾಂ ತುಂಬ್ತು, ಗೇಟ್ ತೆಗೆದ್ರು, ಈ ವರ್ಷ ಮಳೆ ಜೋರು ಅಂದೆ. "ಅದು ತುಂಬಕ್ಕೆ ಎಷ್ಟೊತ್ತೋ, ಶೃಂಗೇರಿ ಕಡೆ ನಾಕು ದಿನ ಹೊಡೆದ್ರೆ ತುಂಬ್ತದೆ. ಲಿಂಗನಮಕ್ಕಿ ಎಷ್ಟಿದೆ ನೋಡು" ಅಂದ್ರು. ಗಾಜನೂರಿನ ತುಂಗಾ ಡ್ಯಾಂ ಹಿಡಿಯೋದು ಮೂರು ಟಿಎಂಸಿ ಚಿಲ್ರೆ, ಲಿಂಗನಮಕ್ಕಿ 151 ಟಿಎಂಸಿ, 1819 ಅಡಿ ಮುಟ್ಟಬೇಕು ಅಂದ್ರೆ ಆಗಸ್ಟ್ ತನಕ ಹಿಡಿಯುತ್ತೆ, ಕೆಲವು ವರ್ಷ ಮುಟ್ಟೋದೇ ಇಲ್ಲ. ಬೇಸ್‌ಬಾಲ್ ನಂಬರುಗಳೂ ಹಿಂಗೇ ಎರಡು ಜಾತಿ, ಬೇಗ ತುಂಬೋ ಗಾಜನೂರು ನಂಬರು, ನಿಧಾನಕ್ಕೆ ತುಂಬೋ ಲಿಂಗನಮಕ್ಕಿ ನಂಬರು. ಏಪ್ರಿಲಲ್ಲಿ ಯಾವುದು ಯಾವುದು ಅಂತ ಗೊತ್ತಿದ್ರೆ ಅರ್ಧ ಕೆಲ್ಸ ಮುಗೀತು.

ಬ್ಯಾಟಿಂಗ್ ಆವರೇಜು ಪಕ್ಕಾ ಲಿಂಗನಮಕ್ಕಿ. ಒಬ್ಬ ಬ್ಯಾಟರ್‌ಗೆ ಏಪ್ರಿಲಲ್ಲಿ 90 ಅವಕಾಶ ಸಿಕ್ತು ಅಂತ ಇಟ್ಕೊಳ್ಳಿ. 27 ಹಿಟ್ (ಬಾಲ್ ಹೊಡೆದು ಔಟಾಗದೆ ಬೇಸ್ ಮುಟ್ಟೋದು) ಹೊಡೆದ್ರೆ ಆವರೇಜು .300, ಸ್ಟಾರ್ ಅಂತಾರೆ, 22 ಹೊಡೆದ್ರೆ .244, ಇವನನ್ನ ಬೆಂಚಲ್ಲಿ ಕೂರ್ಸಿ ಅಂತಾರೆ. ನಡುವಿನ ವ್ಯತ್ಯಾಸ ಐದೇ ಹಿಟ್ಟು, ವಾರಕ್ಕೆ ಒಂದು ಚಿಲ್ರೆ! ಬಾಲ್ ಫೀಲ್ಡರ್ ಕೈಗೆ ನೇರ ಹೋಯ್ತೋ ಎರಡಡಿ ಪಕ್ಕ ಹೋಯ್ತೋ ಅನ್ನೋದ್ರ ಮೇಲೆ ನಿಂತಿರೋ ವಿಷ್ಯ ಅದು. ಈ ನಂಬರು ಒಬ್ಬನ ನಿಜವಾದ ತಾಕತ್ತು ತೋರ್ಸಕ್ಕೆ 900ಕ್ಕಿಂತ ಜಾಸ್ತಿ ಅವಕಾಶ ಬೇಕು ಅಂತ ಲೆಕ್ಕ ಹಾಕಿದ್ದಾರೆ, ವರ್ಷಪೂರ್ತಿ ಆಡಿದೋನಿಗೆ ಸಿಗೋದೇ ಆರುನೂರು ಆಸುಪಾಸು.

ಅದೇ ಸ್ಟ್ರೈಕೌಟ್ ನೋಡಿ, ಅಂದ್ರೆ ಬಾಲ್ ಮುಟ್ಟಕ್ಕೇ ಆಗ್ದೆ ಔಟಾಗೋದು. ಎಷ್ಟು ಸಲಕ್ಕೊಂದ್ ಸಲ ಹಂಗೆ ಔಟಾಗ್ತಾನೆ ಅನ್ನೋದು ಹತ್ತಿರ ಹತ್ತಿರ 60 ಸಲ ಬ್ಯಾಟ್ ಹಿಡಿದ್ರೇ ಗೊತ್ತಾಗುತ್ತೆ, ಎರಡು ವಾರದ ಮಾತು. ವಾಕ್, ಅಂದ್ರೆ ಕೆಟ್ಟ ಬಾಲ್ ಬಿಟ್ಟು ಬಿಟ್ಟು ಫ್ರೀಯಾಗಿ ಮೊದಲ ಬೇಸಿಗೆ ಹೋಗೋದು, ಅದಕ್ಕೆ 120 ಸಲ ಸಾಕು. ನಿಮ್ಮ ಟೀಮಿನ ಹುಡ್ಗ ಏಪ್ರಿಲಲ್ಲಿ .220 ಹೊಡೀತಿದ್ರೂ ಹೋದ ವರ್ಷಕ್ಕಿಂತ ಕಮ್ಮಿ ಸ್ಟ್ರೈಕೌಟ್, ಜಾಸ್ತಿ ವಾಕ್ ಅಂತ ಇದ್ರೆ ಸುಮ್ನೆ ಕಾಯಿರಿ, ಬರ್ತಾನೆ. .340 ಹೊಡೀತಾ ಮೂರಕ್ಕೊಂದ್ ಸಲ ಸ್ಟ್ರೈಕೌಟ್ ಆಗ್ತಿದ್ರೆ ಅವನು ನಿಮ್ಗೆ ಜೂನಲ್ಲಿ ಕೈ ಕೊಡ್ತಾನೆ.

ಈಗ ಟೀಮಿನ ಲೆಕ್ಕ. ಇದಕ್ಕೆ ಒಂದು ನೋಟ್‌ಬುಕ್ ಬೇಕು, ಮಕ್ಕಳದ್ದು ಹಳೇ ಕಾಪಿ ಆದ್ರೂ ನಡೆಯುತ್ತೆ. ದಿನಾ ಒಂದು ಸಾಲು: ಯಾರ ಮೇಲೆ ಆಡಿದ್ರು, ನಮ್ದು ಎಷ್ಟು ರನ್, ಅವರ್ದು ಎಷ್ಟು. ಗೆಲುವು ಸೋಲು ಬರೀಲೇ ಬೇಡಿ. ಮೂವತ್ತು ಮ್ಯಾಚ್ ಆದ ಮೇಲೆ ಎರಡೂ ಕಾಲಂ ಕೂಡ್ಸಿ. ನಮ್ಮ ರನ್ನಿನ ವರ್ಗ ಮಾಡಿ, ಅವರ ರನ್ನಿನ ವರ್ಗ ಮಾಡಿ, ಎರಡೂ ಕೂಡಿಸಿದ್ದರಿಂದ ನಮ್ಮ ವರ್ಗಾನ ಭಾಗಿಸಿ. ಬಿಲ್ ಜೇಮ್ಸ್ ಅನ್ನೋ ಅಮೆರಿಕದೋರು ಹುಡುಕಿದ ಸೂತ್ರ ಇದು, ಹೈಸ್ಕೂಲ್ ಪೈಥಾಗೊರಸ್ ಥರ ಕಾಣುತ್ತೆ ಅಂತ ಆ ಹೆಸರೇ ಇಟ್ಟಿದ್ದಾರೆ. ಉದಾಹರಣೆಗೆ ನಾವು 120 ಹೊಡೆದು 130 ಬಿಟ್ಕೊಟ್ಟಿದ್ರೆ, 14,400ನ್ನ 31,300ರಿಂದ ಭಾಗಿಸಿದ್ರೆ 0.46, ಮೂವತ್ತರಲ್ಲಿ ಹದಿನಾಲ್ಕು ಗೆಲ್ಲೋ ಟೀಮು ಇದು. ಪಾಯಿಂಟ್ಸ್ ಟೇಬಲಲ್ಲಿ 19 ಗೆಲುವು ಅಂತ ತೋರಿಸ್ತಿದ್ರೆ ಐದು ಗೆಲುವು ಸಾಲದ್ದು, ವಾಪಸ್ ಕೊಡೋ ದಿನ ಬರುತ್ತೆ. ಉಲ್ಟಾ ಇದ್ರೆ, ಅಂದ್ರೆ 150 ಹೊಡೆದು 120 ಬಿಟ್ಕೊಟ್ಟು ಬರೀ 13 ಗೆದ್ದಿದ್ರೆ, ಬೇಜಾರ್ ಮಾಡ್ಕೊಬೇಡಿ, ಆ ಟೀಮು ಹದಿನೆಂಟು ಗೆಲ್ಬೇಕಿತ್ತು.

ಆ ಐದು ಗೆಲುವು ಬರೋದು ಎಲ್ಲಿಂದ ಅಂದ್ರೆ ಹೆಚ್ಚಾಗಿ ಒಂದು ರನ್ನಿನ ಮ್ಯಾಚುಗಳಿಂದ. 4-3, 2-1, ಇಂಥವು ಟಾಸ್ ಇದ್ದಂಗೆ, ನಾಣ್ಯ ಸತತ ಏಳು ಸಲ ಹೆಡ್ ಬಿದ್ರೆ ನಾಣ್ಯ ಒಳ್ಳೇದು ಅನ್ನಲ್ಲ ಅಲ್ವಾ. ಕೆಲವೊಮ್ಮೆ ವರ್ಷಪೂರ್ತಿ ಹೆಡ್ ಬೀಳೋದೂ ಉಂಟು, 2021ರಲ್ಲಿ ಸಿಯಾಟಲ್ ಮರೀನರ್ಸ್ ಹೊಡೆದಿದ್ದಕ್ಕಿಂತ 51 ರನ್ ಜಾಸ್ತಿ ಬಿಟ್ಕೊಟ್ಟೂ 90 ಮ್ಯಾಚ್ ಗೆದ್ರು. ಆದ್ರೆ ಹಂಗಾಗುತ್ತೆ ಅಂತ ನಂಬ್ಕೊಂಡು ಕಡುಬಿನ ಬೆಟ್ ಕಟ್ಟಬಾರ್ದು. ಇನ್ನೊಂದು, ನೋಟ್‌ಬುಕ್ಕಲ್ಲಿ 15-1 ಥರದ ಮ್ಯಾಚಿದ್ರೆ ಪಕ್ಕದಲ್ಲಿ ಗುರುತು ಹಾಕಿ, ಅದನ್ನ ಬಿಟ್ಟೂ ಒಂದ್ ಸಲ ಲೆಕ್ಕ ಮಾಡಿ, ಯಾಕಂದ್ರೆ ಅಷ್ಟು ಹಿಂದೆ ಬಿದ್ದ ಟೀಮು ಪಿಚರ್‌ಗಳನ್ನ (ಬಾಲ್ ಎಸೆಯೋರನ್ನ) ಉಳಿಸಕ್ಕೆ ಅಂತ ಫೀಲ್ಡರ್ ಕೈಗೇ ಬಾಲ್ ಕೊಟ್ಬಿಡುತ್ತೆ, ವಿಕೆಟ್ ಕೀಪರ್ ಬೌಲಿಂಗ್ ಮಾಡಿದಂಗೆ, ಅಲ್ಲಿ ಬಂದ ರನ್ನಿಗೆ ಬೆಲೆ ಇಲ್ಲ.

ಪಿಚರ್ ಹೆಸರಿನ ಮುಂದೆ ಇರೋ ಗೆಲುವು ಸೋಲು ಅಂತೂ ನೋಡ್ಲೇಬೇಡಿ. 2025ರಲ್ಲಿ ನಮ್ಮ ಪಾಲ್ ಸ್ಕೀನ್ಸ್ 10 ಗೆದ್ದು 10 ಸೋತ ಅಂತ ದಾಖಲೆ, ನೋಡಿದೋರು ಸಾಧಾರಣ ಆಳು ಅನ್ಕೋಬೇಕು, ಆದ್ರೆ ಒಂಬತ್ತು ಇನಿಂಗ್ಸಿಗೆ ಎರಡು ರನ್ನೂ ಪೂರ್ತಿ ಕೊಡದೆ, 1.97 ಲೆಕ್ಕದಲ್ಲಿ ಮುಗಿಸಿ, ಅತ್ಯುತ್ತಮ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಹೊಡ್ಕೊಂಡ. ಅವನು ಎಸೀತಾನೆ, ನಮ್ಮೋರು ಹೊಡೆಯಲ್ಲ, ಅವನೇನ್ ಮಾಡ್ತಾನೆ ಪಾಪ. ಪಿಚರ್‌ಗೂ ಸ್ಟ್ರೈಕೌಟ್, ವಾಕ್ ಎರಡೇ ನೋಡಿ, ಜೊತೆಗೆ ಬಾಲಿನ ಸ್ಪೀಡು. ಏಪ್ರಿಲಲ್ಲಿ ಅಲ್ಲಿ ಚಳಿ, ಸ್ಪೀಡು ಸ್ವಲ್ಪ ಕಮ್ಮಿನೇ ಇರುತ್ತೆ, ಹಾಗಾಗಿ ಹೋದ ವರ್ಷದ ಜುಲೈ ಜೊತೆ ಹೋಲಿಸ್ಬೇಡಿ, ಹೋದ ಏಪ್ರಿಲ್ ಜೊತೆ ಹೋಲಿಸಿ. ಗಂಟೆಗೆ ಮೂರು ಕಿಲೋಮೀಟರ್ ಇಳಿದಿದ್ರೆ ಮೊಣಕೈ ಬಗ್ಗೆ ಯೋಚ್ನೆ ಮಾಡಿ, ಮೊಣಕೈ ಲಿಗಮೆಂಟ್ ಆಪರೇಷನ್ ಆದ್ರೆ ವಾಪಸ್ ಬರಕ್ಕೆ ವರ್ಷದ ಮೇಲೆ ಬೇಕು.

ಗಾಯದ ಪಟ್ಟಿ ಏಪ್ರಿಲಲ್ಲೇ ನಂಬಬಹುದಾದ ಇನ್ನೊಂದು ವಿಷ್ಯ. 2023ರಲ್ಲಿ ನಾನು 20-8 ಅಂತ ಮೆರೀತಿದ್ದಾಗ ಸೀಸನ್ನಿನ ಎರಡನೇ ವಾರದಲ್ಲೇ ನಮ್ಮ ಓನೀಲ್ ಕ್ರೂಜ್ ರನ್ ಪೂರ್ತಿ ಮಾಡೋ ಹೋಮ್ ಪ್ಲೇಟ್ ಹತ್ರ ಕ್ಯಾಚರ್‌ಗೆ (ಅಲ್ಲಿನ ಕೀಪರ್) ಡಿಕ್ಕಿ ಹೊಡೆದು ಕಾಲು ಮುರ್ಕೊಂಡು ವರ್ಷಪೂರ್ತಿ ಹೊರಗಾಗಿದ್ದ. ಅದು ಕಣ್ಣೆದುರಿಗೇ ಇತ್ತು, ಗೆಲುವಿನ ಅಮಲಲ್ಲಿ ಲೆಕ್ಕಕ್ಕೇ ತಗೊಳ್ಳಿಲ್ಲ. 2019ರ ವಾಷಿಂಗ್ಟನ್ ನ್ಯಾಷನಲ್ಸ್ ಇದರ ಉಲ್ಟಾ. ಮೊದಲ 50ರಲ್ಲಿ 19 ಗೆಲುವು 31 ಸೋಲು, ಆದ್ರೆ ಬೆರಳು ಮುರ್ಕೊಂಡಿದ್ದ ಟ್ರೇ ಟರ್ನರ್ ಅಷ್ಟೊತ್ತಿಗೆ ವಾಪಸ್ ಬಂದಿದ್ದ, ಶೆರ್ಜರ್, ಸ್ಟ್ರಾಸ್‌ಬರ್ಗ್ ಥರದ ಪಿಚರ್‌ಗಳು ಕೈಯಲ್ಲಿದ್ರು, ಕೊನೆಗೆ ವರ್ಲ್ಡ್ ಸೀರೀಸೇ ಗೆದ್ರು. ಸೋತಿದ್ದು ಯಾರಿಲ್ಲದೆ, ಅವರು ಯಾವಾಗ ಬರ್ತಾರೆ, ಇಷ್ಟು ಕೇಳ್ಕೊಳ್ಳಿ. ಇದೇ ಪ್ರಶ್ನೆ 2025ರಲ್ಲಿ ನಮ್ ಟೀಮಿಗೆ ಕೇಳಿದ್ರೆ ಉತ್ತರ ಬೇರೆ. 12-26 ಆದಾಗ ಮ್ಯಾನೇಜರ್ ಡೆರೆಕ್ ಶೆಲ್ಟನ್‌ನ ತೆಗೆದ್ರು, ಆದ್ರೆ ಹೊಡೆಯೋರೇ ಇಲ್ಲದ ಟೀಮಿಗೆ ಹೊಸ ಮ್ಯಾನೇಜರ್ ಬಂದು ಏನ್ ಮಾಡ್ತಾನೆ, 71-91ಕ್ಕೆ ಮುಗೀತು.

ಅಪರೂಪಕ್ಕೆ ಶುರುವಾತೇ ಪೂರ್ತಿ ಕತೆ ಹೇಳೋದೂ ಉಂಟು, 1984ರಲ್ಲಿ ಡೆಟ್ರಾಯಿಟ್ ಟೈಗರ್ಸ್ 35-5 ಇಂದ ಶುರು ಮಾಡಿ ಕಪ್ಪು ಹೊಡೆದ್ರು. ಬರೀ 13-0 ಸಾಲಲ್ಲ, 1987ರಲ್ಲಿ ಮಿಲ್ವಾಕಿ ಅಷ್ಟು ಗೆದ್ದೂ ಪ್ಲೇಆಫ್ ಮುಟ್ಲಿಲ್ಲ.

ಹಾಗಾದ್ರೆ ಯಾವಾಗ ಬಾಯಿ ಬಿಡೋದು? ನಾನೀಗ ಮಳೆ ನಕ್ಷತ್ರ ಇಟ್ಕೊಂಡಿದ್ದೀನಿ, ಸೀಸನ್ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆ ತನಕ, ನಮ್ಮ ಮಳೆಗಾಲದ ಪಂಚಾಂಗಕ್ಕೆ ಚೆನ್ನಾಗಿ ಕೂರುತ್ತೆ. ಅಶ್ವಿನಿ ಮಳೆ ಮುಗಿಯೋ ತನಕ, ಅಂದ್ರೆ ಏಪ್ರಿಲ್ ಕೊನೆ ತನಕ, ಬರೀ ನೋಟ್‌ಬುಕ್ಕಲ್ಲಿ ಬರ್ಕೊಳೋದು ಮತ್ತೆ ಗಾಯದ ಪಟ್ಟಿ. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತ ಗಾದೆ ಇದೆ, ಅದು ಮುಗಿಯೋ ಹೊತ್ತಿಗೆ ನಲವತ್ತು ಮ್ಯಾಚ್ ಆಗಿರುತ್ತೆ, ಆಗ ಮೊದಲ ಸಲ ಪೈಥಾಗೊರಸ್ ಲೆಕ್ಕ. ಮೃಗಶಿರ ಹುಟ್ಟೋ ಹೊತ್ತಿಗೆ ಅರವತ್ತು ದಾಟಿರುತ್ತೆ, ಅಷ್ಟರಲ್ಲಿ ಗೆಲುವಿನ ಲೆಕ್ಕ, ರನ್ನಿನ ಲೆಕ್ಕ ಎರಡೂ ಒಂದೇ ಮಾತು ಹೇಳ್ತಿದ್ರೆ ಪೇಟೆಗೆ ಹೋಗಿ ಹೇಳ್ಬಹುದು. ಬೇರೆ ಬೇರೆ ಹೇಳ್ತಿದ್ರೆ ರನ್ನಿನ ಮಾತು ಕೇಳಿ. ಪುಷ್ಯ ಮಳೆ ಹೊತ್ತಿಗೆ, ಜುಲೈ ಕೊನೆ ಆಸುಪಾಸಲ್ಲಿ, ಆಟಗಾರರನ್ನ ಕೊಡೋ ತಗೊಳೋ ಗಡುವು ಮುಗಿಯುತ್ತೆ, ನಿಮ್ಮ ಟೀಮು ತನ್ನನ್ನ ತಾನು ಏನು ಅನ್ಕೊಂಡಿದೆ ಅಂತ ಅವತ್ತು ಗೊತ್ತಾಗುತ್ತೆ. ಒಳ್ಳೇ ಆಟಗಾರರನ್ನ ಮಾರ್ತಿದ್ರೆ ನೋಟ್‌ಬುಕ್ ಮುಚ್ಚಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಕ್ಕೆ ಹೋಗಬಹುದು, ನಾನು ಸುಮಾರ್ ವರ್ಷ ಹಂಗೇ ಮಾಡಿದ್ದೀನಿ.

ಅಂದಹಾಗೆ ಆ ಕಡುಬು ಕೋಳಿಸಾರು ಮೂರು ಜನಕ್ಕೆ ಹಾಕ್ಸಿದ್ದಾಯ್ತು. ಇನ್ನಿಬ್ರು ಬಡ್ಡಿ ಸೇರ್ಸಿ ಕೇಳ್ತಿದ್ದಾರೆ.