ಫನಿ ಬಂದಾಗ ನಮ್ಮ ಮಾಸ್ಟ್: ನನ್ನ ಅನುಭವ

ನಾನು ರೇಡಿಯೋ ಟವರ್ ಹತ್ತುವವನು. ಊರು ಧಾರವಾಡ. ಆದರೆ 2019ರ ಏಪ್ರಿಲ್ ಕೊನೆಗೆ ಕೆಲಸ ಇದ್ದದ್ದು ಒಡಿಶಾದ ಪುರಿ ಹತ್ತಿರ, ಮೂರು ದಿಕ್ಕಿಗೆ ಗೈ ವೈರ್ (ಎಳೆದು ಹಿಡಿಯುವ ಉಕ್ಕಿನ ರೋಪ್) ಕಟ್ಟಿ ನಿಲ್ಲಿಸಿದ 40 ಮೀಟರ್ ಮಾಸ್ಟ್‌ನಲ್ಲಿ, ಅಂದರೆ ತೆಳ್ಳನೆಯ ಟವರಿನಲ್ಲಿ. ಫನಿ ಚಂಡಮಾರುತ ನಮ್ಮ ಕಡೆಗೇ ಅಂತ ಖಾತ್ರಿಯಾದಾಗ ಕೈಯಲ್ಲಿ ಎರಡೇ ದಿನ ಉಳಿದಿತ್ತು.

ಮೊದಲು ಮೇಲೆ ಹತ್ತಲಿಲ್ಲ, ನೆಲ ಅಗೆದೆವು. ರೋಪನ್ನು ನೆಲಕ್ಕೆ ಹಿಡಿದಿಡುವ ಸರಳು, ಅಂದರೆ ಆಂಕರ್ ರಾಡನ್ನು, ಮಣ್ಣಿನೊಳಗೆ ಕಣ್ಣಿಗೆ ಕಾಣದ ಹಾಗೆ ತುಕ್ಕು ತಿನ್ನುತ್ತೆ. ಒಂದನ್ನು ಉಜ್ಜಿದರೆ ಹಪ್ಪಳದ ಹಾಗೆ ಪದರ ಎದ್ದು ಬಂತು. ಪುಣ್ಯಕ್ಕೆ ಒಳಗೆ ಗಟ್ಟಿ ಇತ್ತು.

ನಿಜವಾಗಿ ಎದೆ ಹೊಡೆದುಕೊಂಡದ್ದು ರೋಪಿನ ಮಡಚಿದ ತುದಿಯನ್ನು ಬಿಗಿಯುವ ಯು ಕ್ಲಾಂಪ್ ನೋಡಿದಾಗ. ಒಂದು ರೋಪಿಗೆ ಯಾರೋ ಮೂರನ್ನೂ ಉಲ್ಟಾ ಹಾಕಿದ್ದರು. ಭಾರ ಹೊರುವ ರೋಪಿನ ಕಡೆ ಸ್ಯಾಡಲ್ (ಕ್ಲಾಂಪಿನ ತಳದ ತುಂಡು) ಕೂರಬೇಕು, ಯು ಬೋಲ್ಟ್ ಮಡಚಿ ಬಂದ ಬಾಲದ ಕಡೆ. ಇಲ್ಲಿ ಬೋಲ್ಟು ಭಾರದ ರೋಪನ್ನೇ ಕಚ್ಚಿ ಎಳೆಗಳನ್ನು ಜಜ್ಜಿತ್ತು. ಸರಪಳಿಯಿಂದ ಎಳೆದು ಹಿಡಿಯುವ ಪುಲ್‌ಲಿಫ್ಟ್‌ಗೆ ಭಾರ ಕೊಟ್ಟು, ಜಜ್ಜಿದ ತುದಿ ಕತ್ತರಿಸಿ ಹೊಸದಾಗಿ ಕಟ್ಟುವಷ್ಟರಲ್ಲಿ ಸಂಜೆ.

"ಭಾಯಿ, ಇನ್ನೂ ನಾಲ್ಕು ಸುತ್ತು ಬಿಗಿ ಮಾಡೋಣ?" ಅಂದ ಜೊತೆಯ ಹುಡುಗ. ಬೇಡ ಅಂದೆ. ಗಾಳಿ ಇಲ್ಲದಾಗ ರೋಪ್ ಹರಿಯುವ ಭಾರದ ನೂರಕ್ಕೆ ಹತ್ತರಷ್ಟು ಬಿಗಿ ಸಾಕು. ಜಾಸ್ತಿ ಎಳೆದರೆ ಮಾಸ್ಟನ್ನು ನಾವೇ ಕೆಳಕ್ಕೆ ತುಳಿದ ಹಾಗೆ. ಬಿರುಗಾಳಿಯಲ್ಲಿ ಅದುರಿ ತಾನೇ ಬಿಚ್ಚಿಕೊಳ್ಳದಿರಲಿ ಅಂತ ರೋಪ್ ಬಿಗಿ ಮಾಡುವ ತಿರುಪು, ಅಂದರೆ ಟರ್ನ್‌ಬಕಲ್ ಒಳಗೆ ಎಂಟರ ಆಕಾರದಲ್ಲಿ ತಂತಿ ಹೆಣೆದೆವು.

ಮರುದಿನ ಮೇಲೆ ಹತ್ತಿ, ಯಾವ ಕಾಲದಲ್ಲೋ ಬಂದ್ ಆದ ರೇಡಿಯೋ ಲಿಂಕಿನ 1.2 ಮೀಟರ್ ಅಗಲದ ಡಿಶ್ ಆಂಟೆನಾ ಇಳಿಸಿದೆವು. ಗಾಳಿಯ ವೇಗ ಒಂದೂವರೆ ಪಟ್ಟಾದರೆ ತಳ್ಳುವ ಬಲ ಎರಡು ಪಟ್ಟು ದಾಟುತ್ತೆ. ಟವರ್ ಕಟ್ಟುವಾಗ ಬೆಂಗಳೂರಲ್ಲಿ ಸೆಕೆಂಡಿಗೆ 33 ಮೀಟರ್ ಗಾಳಿಗೆ ಲೆಕ್ಕ ಹಾಕ್ತಾರೆ, ಈ ಕರಾವಳಿಗೆ 50. ಅಷ್ಟು ಗಾಳಿಗೆ ಆ ಡಿಶ್ ಒಂದೇ 170 ಕಿಲೋ ಭಾರಕ್ಕೂ ಹೆಚ್ಚು ಬಲದಿಂದ ತಳ್ಳುತ್ತೆ, ಅದೂ ಮಾಸ್ಟ್‌ನ ತುದಿಯಲ್ಲಿ. ಜಾಲರಿಯಂಥ ಮಾಸ್ಟ್ ಗಾಳಿಯನ್ನು ಬಿಟ್ಟುಕೊಡುತ್ತೆ, ಡಿಶ್ ಬಿಡಲ್ಲ ಅಲ್ವಾ.

ಮೇ 3ರ ಬೆಳಿಗ್ಗೆ ಫನಿ ಪುರಿಯನ್ನು ದಾಟಿತು. ಗಂಟೆಗೆ 175 ಕಿ.ಮೀ. ಮೇಲೆಯೇ ಗಾಳಿ. ಮರುದಿನ ಹೋಗಿ ನೋಡಿದರೆ ದಾರಿಯುದ್ದಕ್ಕೂ ಕರೆಂಟ್ ಕಂಬ ಮಲಗಿದ್ದವು. ಮಾಸ್ಟ್ ನಿಂತಿತ್ತು. ಒಂದು ಗೈ ವೈರಿಗೆ ಯಾರದ್ದೋ ಮನೆಯ ತಗಡು ಸೀರೆಯ ಹಾಗೆ ಸುತ್ತಿಕೊಂಡಿತ್ತು. ಕೋನ ಅಳೆಯುವ ಥಿಯೋಡಲೈಟ್ ಇಟ್ಟು ನೋಡಿದರೆ ತುದಿ ನಾಲ್ಕು ಇಂಚು ವಾಲಿತ್ತು, ರೋಪ್ ಸರಿಮಾಡಿ ನೆಟ್ಟಗೆ ಮಾಡಿದೆವು.

ಇಳಿಸಿದ ಡಿಶ್ ಮಾತ್ರ ಕಾಣಲಿಲ್ಲ. ಅದನ್ನು ಕೆಳಗೆ ಕಟ್ಟಿಡೋದನ್ನೇ ಮರೆತಿದ್ದೆವು. ಮೂರನೇ ದಿನ ಪಕ್ಕದ ತೋಟದ ಹೊಂಡದಲ್ಲಿ ಮಗುಚಿ ಬಿದ್ದಿದ್ದು ಸಿಕ್ಕಿತು.