ಎರಡು ಆಷಾಢ ದಾಟಿದ ನಮ್ಮ ಸಾಂಬಾ

ಬೆಳಗ್ಗೆ ತಡವಾಗಿ ಬಂದವನಿಗೆ ಫೋಲ್ಡರ್ ತೆರೆಯುತ್ತಿರಲಿಲ್ಲ. ಗದಗಿನ ನಮ್ಮ ಪ್ರೆಸ್ಸಿನಲ್ಲಿ ಇದು ವರ್ಷಗಟ್ಟಲೆ ನಡೆದ ಗೋಳು. ವೈರಸ್ ಅಂದರು, ಕೇಬಲ್ ಅಂದರು, ಒಬ್ಬ ಹುಡುಗ ದೃಷ್ಟಿ ತಾಗಿದೆ ಅಂತ ಮಾನಿಟರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಕಾರಣ ಇಷ್ಟೇ: ಫೈಲುಗಳೆಲ್ಲ ಇದ್ದದ್ದು ಅಚ್ಚಿನ ಪ್ಲೇಟ್ ಮಾಡುವ ಮಷೀನಿನ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ. ಎಕ್ಸ್‌ಪಿ ಪ್ರೊಫೆಷನಲ್ ಒಂದು ಸಲಕ್ಕೆ ಹತ್ತು ಕನೆಕ್ಷನ್ ಮಾತ್ರ ಕೊಡುತ್ತದೆ. ನಮ್ಮಲ್ಲಿ ಅದನ್ನು ಬಿಟ್ಟು ಹನ್ನೊಂದು ಕಂಪ್ಯೂಟರ್.

ಆಮೇಲೆ ವಿಂಡೋಸ್ 10 ಇದ್ದ ಎರಡು ಹೊಸ ಮಷೀನು ಬಂದವು. ಅವಕ್ಕೆ ಎಕ್ಸ್‌ಪಿ ಕಾಣಿಸಲೇ ಇಲ್ಲ. ಎಕ್ಸ್‌ಪಿಗೆ ನೆಟ್‌ವರ್ಕಿನಲ್ಲಿ ಫೈಲು ಹಂಚೋಕೆ ಎಸ್‌ಎಂಬಿ-1 ಅನ್ನುವ ಹಳೇ ಭಾಷೆ ಬಿಟ್ಟು ಬೇರೆ ಮಾತು ಬರಲ್ಲ, ಹೊಸ ವಿಂಡೋಸ್ ಅದನ್ನು ಬಿಟ್ಟೇ ಬರುತ್ತದೆ. ಸರ್ವೀಸಿನ ಹುಡುಗ ಬಂದ, ಎರಡರಲ್ಲೂ ಎಸ್‌ಎಂಬಿ-1 ಆನ್ ಮಾಡಿದ, 500 ರೂಪಾಯಿ ತಗೊಂಡು ಹೋದ. 2017ರ ಮೇ ತಿಂಗಳಲ್ಲಿ ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ನುಗ್ಗಿದ್ದು ಇದೇ ಬಾಗಿಲಿಂದ ಅಲ್ವಾ? ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಎಲ್ಲರ ಫೈಲನ್ನೂ ಒಂದೇ ಕಡೆ ಇಡುವ ರೆಡಿಮೇಡ್ ಎನ್‌ಎಎಸ್ ಡಬ್ಬಿಗೆ ಕೊಟೇಶನ್ ತರಿಸಿದೆವು. ಡಿಸ್ಕ್ ಸೇರಿ 70 ಸಾವಿರ ಚಿಲ್ಲರೆ. ಮಾಲಕರು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು. ಅಂದರೆ ಆಗಲ್ಲ ಅಂತ. ನಾನು ಬಾಯಿ ತಡೀಲಾರದೆ, "40 ಸಾವಿರದೊಳಗ ನಾನ ಮಾಡ್ತೀನ್ರಿ, ಲಿನಕ್ಸ್‌ನಾಗ ಸಾಂಬಾ ಅಂತ ಐತ್ರಿ" ಅಂದೆ.

"ಸಾಂಬ ಅಂದ್ರ ಶಿವನ ಹೆಸರಲ್ಲೋ ತಮ್ಮಾ. ಎಲ್ಲಾ ಅವನ ಮ್ಯಾಲೆ ಹಾಕಿ ಕೂಡೂಣಂತೀಯೇನು?"

ಸಾಂಬಾ ಅಂದರೆ ಲಿನಕ್ಸ್ ಕಂಪ್ಯೂಟರಿನ ಫೈಲುಗಳನ್ನು ವಿಂಡೋಸಿನವರಿಗೆ ಹಂಚುವ ಸಾಫ್ಟ್‌ವೇರು, ಆ ಹೆಸರಿಗೂ ಶಿವನಿಗೂ ಸಂಬಂಧ ಇಲ್ಲ. 1992ರಲ್ಲಿ ಇದನ್ನು ಶುರು ಮಾಡಿದ ಆಂಡ್ರ್ಯೂ ಟ್ರಿಡ್ಜೆಲ್ ಎಂಬ ಆಸ್ಟ್ರೇಲಿಯಾದವರು ಎಸ್, ಎಂ, ಬಿ ಮೂರೂ ಇರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕಿದ್ದು ಅದು. ಇದನ್ನು ಮಾಲಕರಿಗೆ ಹೇಳಲಿಲ್ಲ. ಶಿವನ ಹೆಸರು ಅಂತಲೇ ಇರಲಿ, ಒಪ್ಪಿಗೆಯಾದರೂ ಸಿಗುತ್ತದೆ.

ಮೊದಲ ಸಲ ಮೂಗು ಒಡೆಸಿಕೊಂಡೆ. ಮನೆಯಲ್ಲಿದ್ದ ರಾಸ್ಪ್‌ಬೆರಿ ಪೈ 3 ಎಂಬ ಅಂಗೈಯಗಲದ ಕಂಪ್ಯೂಟರಿಗೆ ಯುಎಸ್‌ಬಿ ಡಿಸ್ಕ್ ಸಿಕ್ಕಿಸಿ ಕೂರಿಸಿದೆ. ಅದರ ನೆಟ್‌ವರ್ಕ್ ಪೋರ್ಟೇ 100 ಎಂಬಿಪಿಎಸ್, ಸೆಕೆಂಡಿಗೆ 11 ಎಂಬಿ ದಾಟಲ್ಲ. 400 ಎಂಬಿಯ ಬ್ಯಾನರ್ ಫೈಲ್ ತೆರೆಯೋಕೆ ಮುಕ್ಕಾಲು ನಿಮಿಷ. ಅದರ ಮೇಲೆ ಪೈ ಕೊಡುವ ಕರೆಂಟ್ ಡಿಸ್ಕಿಗೆ ಸಾಲದೆ ಮಧ್ಯಾಹ್ನ ಡಿಸ್ಕ್ ತಾನೇ ಕಳಚಿಕೊಳ್ಳುತ್ತಿತ್ತು. ಮೂರನೇ ದಿನ ಫೈಲ್ ಸಿಸ್ಟಮ್ಮೇ ಹಾಳಾಯಿತು. ಸುಮಾರು 5 ಸಾವಿರ ನೀರಿಗೆ ಹೋಯಿತು, ನನ್ನ ಜೇಬಿಂದಲೇ. ಇದೂ ಮಾಲಕರಿಗೆ ಗೊತ್ತಿಲ್ಲ.

ಎರಡನೇ ಸಲ ನೆಟ್ಟಗೆ ಮಾಡಿದೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಹಳೇ ಐ5 ಡೆಸ್ಕ್‌ಟಾಪ್, 9 ಸಾವಿರ. 4 ಟಿಬಿಯ ಎರಡು ಡಿಸ್ಕ್, ಹತ್ತಿರ ಹತ್ತಿರ 20. ಹದಿನಾರು ಪೋರ್ಟಿನ ಗಿಗಾಬಿಟ್ ಸ್ವಿಚ್ ನಾಲ್ಕೂವರೆ. ಬೂಟ್ ಆಗೋಕೆ ಸಣ್ಣ ಎಸ್‌ಎಸ್‌ಡಿ, ಇನ್ನೊಂದು ನೆಟ್‌ವರ್ಕ್ ಕಾರ್ಡ್, ಕೇಬಲ್ಲು ಎಲ್ಲ ಸೇರಿ 38 ಸಾವಿರದ ಆಸುಪಾಸು. ಡೆಬಿಯನ್ ಲಿನಕ್ಸ್ ಹಾಕಿ, ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುವ ಹಾಗೆ ಎರಡು ಡಿಸ್ಕನ್ನೂ ಬಿಟಿಆರ್‌ಎಫ್‌ಎಸ್ ರೈಡ್-1ರಲ್ಲಿ ಜೋಡಿಸಿದೆ. ಆಷಾಢ ಬರುವವರೆಗೆ ಕಾದೆ. ಆ ತಿಂಗಳು ಲಗ್ನ ಇಲ್ಲ, ಕಾರ್ಡಿನ ಕೆಲಸವೂ ಇಲ್ಲ. ಕ್ಯಾಲೆಂಡರ್ ಸೀಸನ್ನಿನಲ್ಲಿ ಈ ಕೆಲಸಕ್ಕೆ ಕೈ ಹಾಕಿದ್ದರೆ ನನ್ನನ್ನೇ ಪ್ಲೇಟಿಗೆ ಹಾಕುತ್ತಿದ್ದರು.

ಒಂದು ಟೇಬಲ್ ಮಾತ್ರ ಮತ್ತೆ ಸೆಕೆಂಡಿಗೆ ಅದೇ 11 ಎಂಬಿಗೆ ನಿಂತಿತು. ಎರಡು ದಿನ ಸಾಂಬಾದ ಸೆಟ್ಟಿಂಗ್ ತಿರುಗಿಸಿದೆ. ಆಮೇಲೆ ನೋಡಿದರೆ ಹಿಂದೆ ಯಾರೋ ಆ ಕೇಬಲ್ಲಿನ ಎಂಟು ತಂತಿಯಲ್ಲಿ ನಾಲ್ಕನ್ನೇ ಕ್ರಿಂಪ್ ಮಾಡಿದ್ದರು. 10 ರೂಪಾಯಿಯ ಕನೆಕ್ಟರು.

ಹಳೇ ಫೈಲ್ ಕಾಪಿ ಮಾಡುವಾಗ ಇನ್ನೊಂದು ತಮಾಷೆ. ಸುಮಾರು ಅರವತ್ತು ಫೈಲು ಬರಲೇ ಒಲ್ಲೆ ಅಂದವು. ಹೆಸರು ಉದ್ದ ಆಯಿತು ಅಂತ ಎರರ್. ಅಷ್ಟೇನು ಉದ್ದ ಇಲ್ಲವಲ್ಲ ಅನ್ನಿಸಿತು. ನಮ್ಮ ಹುಡುಗರು ಫೈಲಿಗೇ ಇಡೀ ಲಗ್ನಪತ್ರಿಕೆ ಬರೆಯುತ್ತಾರೆ: ಚಿರಂಜೀವಿ ಇಂಥವರು, ಚಿರಂಜೀವಿ ಸೌಭಾಗ್ಯವತಿ ಇಂಥವರು, ಶುಭ ವಿವಾಹ, ಊರು, ಕರೆಕ್ಷನ್ 3. ವಿಂಡೋಸ್ ಹೆಸರನ್ನು ಕೋಡಿನ (ಕಂಪ್ಯೂಟರು ಒಂದೊಂದು ಅಕ್ಷರಕ್ಕೂ ಗುಣಿತಕ್ಕೂ ಕೊಡುವ ನಂಬರಿನ) ಲೆಕ್ಕದಲ್ಲಿ 255ರವರೆಗೆ ಬಿಡುತ್ತದೆ. ಲಿನಕ್ಸ್ ಕಡೆ ಅದೇ 255, ಆದರೆ ಬೈಟ್ ಲೆಕ್ಕ. ಕೋಡನ್ನು ಬೈಟಿಗೆ ಇಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡಿಗೂ ಮೂರು ಬೈಟ್. 'ಶ್ರೀ' ನಮಗೆ ಒಂದೇ ಅಕ್ಷರ, ಅದರೊಳಗೆ ನಾಲ್ಕು ಕೋಡು, ಅಂದರೆ 12 ಬೈಟ್. ಪೂರ್ತಿ ಕನ್ನಡದಲ್ಲಿ ಬರೆದರೆ 85 ಕೋಡಿಗೆ ಮುಗಿಯಿತು. ಇಂಗ್ಲಿಷಿನಲ್ಲಿ ಹೆಸರಿಡುವವರಿಗೆ ಇದು ಜನ್ಮದಲ್ಲಿ ಎದುರಾಗಲ್ಲ. ಈಗ ಆರ್ಡರ್ ನಂಬರು, ಊರು ಇಷ್ಟೇ ಹೆಸರು. ಹುಡುಗರು ಒಂದು ವಾರ ಮುಖ ಊದಿಸಿಕೊಂಡಿದ್ದರು.

ಪರ್ಮಿಷನ್ನಿನದು, ಅಂದರೆ ಯಾರು ಯಾವ ಫೈಲಿಗೆ ಬರೆಯಬಹುದು ಅನ್ನುವುದು, ಲಿನಕ್ಸಿನವರಿಗೆಲ್ಲ ಗೊತ್ತಿರೋದೇ. ಹೊಸ ಫೈಲಿಗೆ ಅದನ್ನು ಗೊತ್ತು ಮಾಡುವ ಕ್ರಿಯೇಟ್ ಮಾಸ್ಕ್ ಮುಟ್ಟದೆ ಬಿಟ್ಟೆ, ಅದು 0744, ಅಂದರೆ ಮಾಡಿದವನಿಗೆ ಮಾತ್ರ ಬರೆಯೋಕೆ ಬಿಡುಗಡೆ. ಒಬ್ಬ ಮಾಡಿದ ಫೈಲನ್ನು ಇನ್ನೊಬ್ಬ ಸೇವ್ ಮಾಡಕ್ಕಾಗಲ್ಲ. ಅವರು ನನಗೆ ಹೇಳುವುದು ಬಿಟ್ಟು 'ಫೈನಲ್', 'ಫೈನಲ್ 2', 'ಫೈನಲ್ ಹೊಸದು' ಅಂತ ಕಾಪಿ ಮಾಡುತ್ತಾ ಹೋದರು. ಒಂದು ಕಾರ್ಡು ಹಳೇ ಮುಹೂರ್ತದ ಜೊತೆಗೇ ಅಚ್ಚಾಯಿತು, 500 ಪ್ರತಿ. ಎಲ್ಲರೂ ಒಂದೇ ಗುಂಪಾಗಿ, ಗುಂಪಿನವರೆಲ್ಲ ಬರೆಯುವ ಹಾಗೆ ಫೋರ್ಸ್ ಗ್ರೂಪ್, 0664, ಡೈರೆಕ್ಟರಿಗೆ 2775 ಹಾಕಿದ ಮೇಲೆ ಸರಿ ಹೋಯಿತು.

ನಿಜವಾಗಿ ರಕ್ತ ಕುಡಿದದ್ದು ಎಕ್ಸ್‌ಪಿ. ಪ್ಲೇಟ್ ಮಷೀನಿನ ಸಾಫ್ಟ್‌ವೇರು ಅದರ ಮೇಲೆ ಬಿಟ್ಟು ಬೇರೆ ಎಲ್ಲೂ ಓಡಲ್ಲ, ಹೊಸದು ಬೇಕಂದರೆ ಲಕ್ಷಗಳ ಮಾತು. ಸಾಂಬಾ 4.11ರಿಂದ ಎಸ್‌ಎಂಬಿ-1 ತಾನಾಗಿ ಆನ್ ಇರಲ್ಲ. ಸರ್ವರ್ ಮಿನ್ ಪ್ರೊಟೊಕಾಲ್ ಅನ್ನುವ ಸಾಲನ್ನು ಎನ್‌ಟಿ1ಕ್ಕೆ, ಅಂದರೆ ಎಸ್‌ಎಂಬಿ-1ಕ್ಕೆ ಇಳಿಸಿದೆ. ಆಗಲೂ ಎಕ್ಸ್‌ಪಿ ಪಾಸ್‌ವರ್ಡ್ ತಪ್ಪು ಅಂತಲೇ ಹಟ ಹಿಡಿಯಿತು. ಪಾಸ್‌ವರ್ಡನ್ನು ಆರು ಸಲ ಬದಲಾಯಿಸಿದೆ, ಕೊನೆಗೆ ಬರೀ '1' ಇಟ್ಟು ನೋಡಿದೆ. ತಪ್ಪು ಪಾಸ್‌ವರ್ಡಿನದಲ್ಲ. ಎಕ್ಸ್‌ಪಿ ಅದನ್ನು ಹಳೇ ಎನ್‌ಟಿಎಲ್‌ಎಂ-1 ವಿಧಾನದಲ್ಲಿ ಕಳಿಸುತ್ತದೆ, ಸಾಂಬಾ ಅದನ್ನು ಈಗ ತಗೊಳ್ಳಲ್ಲ. ಸಾಂಬಾ ಕಡೆ ಸಡಿಲ ಮಾಡುವ ಸಾಲು ಎಲ್ಲ ಕಡೆ ಸಿಗುತ್ತದೆ, ಅದನ್ನು ಮುಟ್ಟಬೇಡಿ. ಎಕ್ಸ್‌ಪಿಯ ರಿಜಿಸ್ಟ್ರಿಯಲ್ಲಿ ಎಲ್‌ಎಂ ಕಂಪ್ಯಾಟಿಬಿಲಿಟಿ ಲೆವೆಲ್ 3 ಮಾಡಿ ಸಾಕು, ಅದೇ ಹೊಸ ವಿಧಾನಕ್ಕೆ ಬರುತ್ತದೆ.

ನಡೆಯಿತು ಅಂತ ಎರಡು ವಾರ ಸುಮ್ನೆ ಕೂತೆ. ಆಮೇಲೆ ತಲೆಗೆ ಹೊಳೆಯಿತು: ಆ ಎನ್‌ಟಿ1 ಸಾಲು ಹಂಚಿದ ಒಂದು ಫೋಲ್ಡರಿಗೆ ಸೀಮಿತ ಅಲ್ಲ, ಇಡೀ ಸರ್ವರಿಗೆ. ಯಾವ ಬಾಗಿಲು ಮುಚ್ಚೋಕೆ ಹೊರಟಿದ್ದೆನೋ ಅದನ್ನೇ ಹನ್ನೊಂದು ಜನಕ್ಕೂ ತೆರೆದಿಟ್ಟಿದ್ದೆ.

ಆಗ ಮಾಡಿದ ಕೆಲಸದ ಬಗ್ಗೆ ಸ್ವಲ್ಪ ಜಂಬ ಇದೆ. ಎಕ್ಸ್‌ಪಿಯನ್ನು ಸ್ವಿಚ್ಚಿನಿಂದ ಕಿತ್ತೆ. ಸರ್ವರಿನ ಎರಡನೇ ಕಾರ್ಡಿಗೆ ನೇರ ಒಂದು ಕೇಬಲ್ ಎಳೆದೆ, ಬೇರೆ ಐಪಿ ಸಾಲು ಕೊಟ್ಟೆ. ಅದರ ಪಾಲಿಗೆ ಇಂಟರ್ನೆಟ್ ಇಲ್ಲ, ಅಕ್ಕಪಕ್ಕದವರೂ ಇಲ್ಲ. ಆ ಕಾರ್ಡಿನ ಮೇಲೆ ಎರಡನೇ ಎಸ್‌ಎಂಬಿಡಿ (ಸಾಂಬಾದಲ್ಲಿ ಫೈಲು ಹಂಚುವ ಪ್ರೋಗ್ರಾಮು) ಓಡಿಸಿದೆ. ಅದಕ್ಕೆ ಬೇರೆ ಕಾನ್ಫಿಗ್ ಫೈಲು, ಪಿಡ್, ಲಾಕ್, ಸ್ಟೇಟ್, ಕ್ಯಾಶ್, ಪ್ರೈವೇಟ್ ಡೈರೆಕ್ಟರಿ ಎಲ್ಲ ಬೇರೆ. ಎರಡೂ ಕಾನ್ಫಿಗ್‌ನಲ್ಲಿ ತನ್ನ ಕಾರ್ಡು ಮಾತ್ರ ಹಿಡಿ ಅನ್ನುವ ಬೈಂಡ್ ಇಂಟರ್‌ಫೇಸಸ್ ಓನ್ಲಿ ಹಾಕಲೇಬೇಕು. ನಾನು ಒಂದರಲ್ಲಿ ಮರೆತು, ಯಾರು ಮೊದಲು ಎದ್ದರೋ ಅವರೇ 445ನೇ ಪೋರ್ಟ್ ಹಿಡಿದು ಕೂತು ಅರ್ಧ ದಿನ ಕೆಲಸ ನಿಂತಿತು. ಹಳಬರು ಒಬ್ಬರು "ಒಂದು ಸರ್ವರಿನಾಗ ಎರಡು ಸಾಂಬಾ? ಆಗೂದಿಲ್ಲ ಬಿಡ್ರಿ" ಅಂದಿದ್ದರು. ಆಗುತ್ತದೆ.

ಲಾಕ್ (ಯಾವ ಫೈಲು ಯಾರ ಕೈಯಲ್ಲಿದೆ ಅನ್ನುವ ಲೆಕ್ಕ) ಬೇರೆ ಇದ್ದದ್ದಕ್ಕೆ ಬೆಲೆಯೂ ತೆತ್ತೆ. ಈ ಕಡೆ ಆಪರೇಟರು ಪಿಡಿಎಫ್ ಕಾಪಿ ಮಾಡುತ್ತಿರುವುದು ಆ ಕಡೆಯ ಸಾಂಬಾಕ್ಕೆ ಗೊತ್ತಾಗಲ್ಲ. ಎಕ್ಸ್‌ಪಿ ಹಾಟ್ ಫೋಲ್ಡರಿನಿಂದ (ಅದರಲ್ಲಿ ಬಿದ್ದ ಫೈಲನ್ನು ಮಷೀನು ತಾನೇ ಎತ್ತಿಕೊಳ್ಳುತ್ತದೆ) ಅರ್ಧ ಬಂದ ಫೈಲನ್ನೇ ಎತ್ತಿಕೊಂಡು ಪ್ಲೇಟ್ ಸುಟ್ಟಿತು. ಏಳೋ ಎಂಟೋ ಪ್ಲೇಟು ಹೋಯಿತು, ಒಂದೊಂದಕ್ಕೆ 200ರ ಮೇಲೆ. ಈಗ ಆಪರೇಟರುಗಳು ಹಾಕುವ ಫೋಲ್ಡರ್ ಬೇರೆ, ಎಕ್ಸ್‌ಪಿ ನೋಡುವುದು ಬೇರೆ. ಮಧ್ಯೆ ಕಾಪಿ ಪೂರ್ತಿ ಆದ ಫೈಲನ್ನು ಅಲ್ಲಿಂದ ಇಲ್ಲಿಗೆ ಸರಿಸುವ ನನ್ನದೊಂದು ಹನ್ನೆರಡು ಸಾಲಿನ ಸ್ಕ್ರಿಪ್ಟು. ಕಾಪಿ ಪೂರ್ತಿ ಆಯಿತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ ಅನ್ನುವುದು ನನ್ನ ಹತ್ತಿರವೇ ಇರಲಿ, ಹುಬ್ಬಳ್ಳಿಯ ಎರಡು ಪ್ರೆಸ್ಸಿನವರು ಅದಕ್ಕೇ ದುಡ್ಡು ಕೊಟ್ಟಿದ್ದಾರೆ. ಒಂದು ಮಾತು ಹೇಳುತ್ತೇನೆ: ಎರಡೂ ಫೋಲ್ಡರ್ ಒಂದೇ ಸಬ್‌ವಾಲ್ಯೂಮಿನಲ್ಲಿ (ಡಿಸ್ಕಿನೊಳಗಿನ ಒಂದು ವಿಭಾಗ) ಇರಬೇಕು, ಇಲ್ಲದಿದ್ದರೆ ಫೈಲು ಸರಿಸುವ ಎಂವಿ ಕಮಾಂಡು ಒಳಗೊಳಗೇ ಕಾಪಿ ಮಾಡುತ್ತದೆ, ಮತ್ತೆ ಅದೇ ಹಾಡು.

ಮಧ್ಯದಲ್ಲಿ ಎನ್‌ಎಫ್‌ಎಸ್ (ಲಿನಕ್ಸಿನವರು ತಮ್ಮೊಳಗೆ ಫೈಲು ಹಂಚುವ ದಾರಿ) ಚಟವೂ ಹತ್ತಿತ್ತು, ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಅಂತ. ಯಾರಿಗೆ ಏನು ಹಂಚಬೇಕು ಅಂತ ಬರೆಯುವ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ನೆಟ್‌ವರ್ಕ್ ನಂಬರಿಗೂ ಓದು-ಬರೆ ಅನ್ನುವ ಆರ್‌ಡಬ್ಲ್ಯೂ ಬ್ರಾಕೆಟ್ಟಿಗೂ ನಡುವೆ ಒಂದು ಸ್ಪೇಸ್ ಬಿಟ್ಟಿದ್ದೆ. ಅದರ ಅರ್ಥ ಏನಾಯಿತು ಗೊತ್ತಾ? ನಮ್ಮ ನೆಟ್‌ವರ್ಕಿಗೆ ಓದೋಕೆ ಮಾತ್ರ, ಊರವರಿಗೆಲ್ಲ ಬರೆಯೋಕೂ ಬಿಡುಗಡೆ. ಅದನ್ನು ಸರಿ ಮಾಡಿದೆ. ಒಂದು ದಿನ ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿಯೂ ಮುಗಿಯಿತು, ಸರ್ವರ್ ಮಲಗಿತು. ಲ್ಯಾಪ್‌ಟಾಪಿನಲ್ಲಿ ಡಿಸ್ಕಿನ ಜಾಗ ತೋರಿಸುವ ಡಿಎಫ್ ಕಮಾಂಡ್ ಹೊಡೆದರೆ ಅದೂ ಅಲ್ಲೇ ಕಲ್ಲಾಯಿತು. ಹಾರ್ಡ್ ಮೌಂಟ್ ಅಂದರೆ ಹಾಗೇ, ಸರ್ವರ್ ಏಳುವವರೆಗೆ ಕಾಯುತ್ತದೆ. ಸಾಫ್ಟ್ ಹಾಕಿದರೆ ಬರೆಯುವಾಗ ಅರ್ಧಕ್ಕೆ ಕೈ ಬಿಡುತ್ತದೆ. ಒಂದು ಲ್ಯಾಪ್‌ಟಾಪಿಗಾಗಿ ಇಷ್ಟೆಲ್ಲ ಯಾಕೆ ಅಂತ ತೆಗೆದುಹಾಕಿದೆ.

ಕೊನೆಯದು ಹಳೇ ಪ್ರತಿ ಸಿಗುವ ವ್ಯವಸ್ಥೆ. ಮೊದಲು ಸಾಂಬಾದ ರಿಸೈಕಲ್ ಮಾಡ್ಯೂಲ್ ಹಾಕಿ ಗೆದ್ದೆ ಅಂದುಕೊಂಡೆ. ಅದು ಅಳಿಸಿದ್ದನ್ನು ಹಿಡಿಯುತ್ತದೆ, ಮೇಲೆ ಮೇಲೆ ಸೇವ್ ಮಾಡಿದ್ದನ್ನು ಹಿಡಿಯಲ್ಲ. ನಮ್ಮಲ್ಲಿ ಅಳಿಸುವವರು ಕಡಿಮೆ, ಹೋದ ವರ್ಷದ ಕಾರ್ಡು ತೆಗೆದು ಅದರ ಮೇಲೇ ಹೊಸ ಹೆಸರು ಕೂರಿಸಿ ಸೇವ್ ಕೊಡುವವರೇ ಜಾಸ್ತಿ. ಅದಕ್ಕೆ ಗಂಟೆಗೊಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ಫೈಲುಗಳ ಪ್ರತಿ), ಅದನ್ನು ವಿಂಡೋಸಿಗೆ ತೋರಿಸೋಕೆ ಶ್ಯಾಡೋ ಕಾಪಿ 2 ಅನ್ನುವ ಮಾಡ್ಯೂಲ್. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸಿಗೆ ಹೋದರೆ ಪ್ರೀವಿಯಸ್ ವರ್ಷನ್ಸ್‌ನಲ್ಲಿ ಸಾಲಾಗಿ ಬರುತ್ತವೆ. ಬಂದವು, ಆದರೆ ಮಧ್ಯಾಹ್ನ 1 ಗಂಟೆಯದು ಸಂಜೆ 6.30ರದ್ದು ಅಂತ. ಮಧ್ಯಾಹ್ನವೇ ಸಂಜೆಯ ಫೈಲ್ ನೋಡಿ ಒಬ್ಬ ಹೆದರಿದ. ಸ್ನ್ಯಾಪ್‌ಶಾಟಿಗೆ ನಾನು ನಮ್ಮ ಸಮಯದ ಹೆಸರಿಟ್ಟಿದ್ದೆ, ಸಾಂಬಾ ಅದನ್ನು ಗ್ರೀನಿಚ್ ಅಂತ ಓದಿ ಐದೂವರೆ ಗಂಟೆ ಸೇರಿಸುತ್ತಿತ್ತು. ಹೆಸರಿಡುವ ಡೇಟ್ ಕಮಾಂಡಿಗೆ ಗ್ರೀನಿಚ್ ಸಮಯ ಕೊಡು ಅನ್ನುವ ಒಂದು ಯು ಹಾಕಿದ ಮೇಲೆ ಸರಿಯಾಯಿತು.

ಹೋದ ವೈಶಾಖದಲ್ಲಿ ಒಬ್ಬ ಗಿರಾಕಿ "ನಾವು ಓಕೆ ಮಾಡಿದ್ದು ಇದಲ್ರೀ" ಅಂತ ಕೌಂಟರಿನಲ್ಲಿ ಜಗಳ ತೆಗೆದ. ಅವನು ಓಕೆ ಮಾಡಿದ ದಿನದ, ಅದೇ ಗಂಟೆಯ ಪ್ರತಿ ತೆಗೆದು ತೋರಿಸಿದೆವು. ಸುಮ್ಮನಾದ. ಮಾಲಕರು ಅವತ್ತು ಎಲ್ಲರಿಗೂ ಗಿರಮಿಟ್ಟು ಮಿರ್ಚಿ ತರಿಸಿದರು.

ಸ್ನ್ಯಾಪ್‌ಶಾಟು ಜಾಗ ತಿನ್ನುತ್ತದೆ. 4 ಟಿಬಿಯಲ್ಲಿ ಮುಕ್ಕಾಲು ತುಂಬಿದೆ. 8 ಟಿಬಿ ಡಿಸ್ಕಿನ ರೇಟು ಕೇಳಿ ಇಟ್ಟುಕೊಂಡಿದ್ದೇನೆ, ಮಾಲಕರಿಗೆ ಇನ್ನೂ ಹೇಳಿಲ್ಲ.